ಒಂಟೆಗೆ ನೀರಿಟ್ಟ ದಿನಗಳು

ಇವತ್ತು ಮಾಡಿದ್ದು:

ಐದಕ್ಕೆ ಎದ್ದೆ. ಗುಳಿಗೆ ನುಂಗಿದೆ. ನಲ್ಲಿ ನೀರು ಬಂದಿತ್ತು, ಎರಡು ಡ್ರಮ್ ತುಂಬಿದೆ. ಜೋಳದ ಹಿಟ್ಟು ಸಾಣಿಗೆ ಹಿಡಿದೆ. ಎಂಬತ್ತು ರೊಟ್ಟಿ ಬಡಿದೆ, ಮೆಸ್ಸಿನವರು ಬಂದು ಒಯ್ದರು. ಹತ್ತಕ್ಕೆ ಇಪ್ಪತ್ತು ನಿಮಿಷ ಮಲಗಿದೆ. ಅತ್ತಿಯ ತಲೆಗೆ ಎಣ್ಣೆ ಹಚ್ಚಿದೆ. ಶಿಲ್ಪಾಳ ಕುಪ್ಪಸಕ್ಕೆ ಎರಡು ಹುಕ್ಕು ಹಚ್ಚಿದೆ. ಊಟದ ಮೇಲೆ ಮತ್ತೆ ಇಪ್ಪತ್ತು ನಿಮಿಷ ಮಲಗಿದೆ. ನಾಲ್ಕಕ್ಕೆ ಸನತ್‌ನಗರಕ್ಕೆ, ರೇಣುಕಾಳ ಮನೆಗೆ. ಆರತಿ ಮಾಡಿದೆ. ನಕ್ಕೆ. ನಿಂತೇ ಇದ್ದೆ.

ಈ ಕೊನೆಯ ಮೂರು ಮಾತು ಬರೆಯಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ದಿನಾ ಮಾಡಿದ ಕೆಲಸ ಬರೆದಿಡುವುದು ನನ್ನ ಹಳೆಯ ಚಟ. ಮದುವೆಯಾಗಿ ರಾಯಚೂರು ಕಡೆಯಿಂದ ಹೈದರಾಬಾದಿನ ಬಾಲಾನಗರಕ್ಕೆ ಬಂದಾಗ ಬಾಗಿಲ ಹೊರಗೆ ಎಲ್ಲ ತೆಲುಗು, ಹಿಂದಿ. ನನ್ನವರು ಬಸವರಾಜ ವರ್ಕ್‌ಶಾಪಿಗೆ, ಕಬ್ಬಿಣ ಕಡೆಯುವ ಲೇತ್ ಯಂತ್ರದ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದರು. ಮಾತಾಡಲು ಯಾರೂ ಇಲ್ಲ ಎಂದು ಒಂದು ಪುಸ್ತಕ ಇಟ್ಟುಕೊಂಡು ಅದರ ಜೊತೆ ಕನ್ನಡದಲ್ಲಿ ಮಾತಾಡಿದೆ. ಬೇರೇನೂ ಇಲ್ಲ, ಬೇಳೆ ನೆನೆಹಾಕಿದೆ, ಬಟ್ಟೆ ಒಗೆದೆ, ಇಷ್ಟೇ. ಇಪ್ಪತ್ತಾರು ವರ್ಷದ ಪುಸ್ತಕಗಳು ಅಟ್ಟದ ಮೇಲಿವೆ. ಅವೇ ಮುಂದೆ ನನ್ನ ರೋಗವನ್ನು ಹಿಡಿದುಕೊಟ್ಟವು.

ನನಗೆ ಮೊದಲಿಂದ ನಿದ್ದೆ ಬಹಳ. ಬಸ್ಸಿನಲ್ಲಿ ಕೂತರೆ ಇಳಿಯುವ ಸ್ಟಾಪು ದಾಟಿ ಹೋಗುತ್ತಿತ್ತು. ಮದುವೆ ಮನೆಯಲ್ಲಿ ಅಕ್ಕಿಕಾಳು ಕೈಯಲ್ಲೇ ಇರುತ್ತಿತ್ತು, ತಾಳಿ ಕಟ್ಟಿದ್ದು ನೋಡಿರುತ್ತಿರಲಿಲ್ಲ. "ನಮ್ಮ ಸೊಸಿ ಕುಂತಲ್ಲೆ ಗೊರಕಿ ಹೊಡೀತಾಳವ್ವ, ಪುಣ್ಯಾತ್ಗಿತ್ತಿ" ಎಂದು ಅತ್ತಿ ಬಂದವರಿಗೆಲ್ಲ ಹೇಳುವರು. ರಕ್ತ ಕಡಿಮೆ ಎಂದರು, ಟಾನಿಕ್ ಕುಡಿದೆ. ಥೈರಾಯ್ಡ್ ನೋಡಿದರು, ಅದೂ ಸರಿ ಇತ್ತು. ಆಮೇಲೆ ಎಲ್ಲರೂ ಸೇರಿ ಒಂದು ತೀರ್ಮಾನಕ್ಕೆ ಬಂದರು: ಮೈಗಳ್ಳಿ. ಬೆಳಗಿನ ಐದಕ್ಕೆ ಎದ್ದು ಎಂಬತ್ತು ರೊಟ್ಟಿ ಬಡಿಯುವ ಮೈಗಳ್ಳಿ. ನಾನೂ ಒಪ್ಪಿಕೊಂಡುಬಿಟ್ಟಿದ್ದೆ.

ಇನ್ನೊಂದು ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಜೋರಾಗಿ ನಗು ಬಂದರೆ ಮೊಣಕಾಲಿನ ಶಕ್ತಿ ಹೋಗುತ್ತಿತ್ತು. ದವಡೆ ಜೋತುಬೀಳುವುದು, ಕೈಯಲ್ಲಿದ್ದ ಲೋಟ ಜಾರುವುದು. ಎರಡು ಕ್ಷಣ, ಆಮೇಲೆ ಸರಿ. ಎಲ್ಲರಿಗೂ ಹೀಗೇ ಆಗುತ್ತದೇನೋ, ನಕ್ಕು ನಕ್ಕು ಬಿದ್ದೆ ಅನ್ನುತ್ತಾರಲ್ಲ, ಇದೇ ಇರಬೇಕು ಅಂದುಕೊಂಡಿದ್ದೆ. ನಗು ಬರುತ್ತದೆ ಎಂದು ಗೊತ್ತಾದರೆ ಸುಮ್ಮನೆ ಗೋಡೆಗೆ ಒರಗಿ ನಿಲ್ಲುತ್ತಿದ್ದೆ.

ಗೋಡೆ ಹುಡುಕುವ ಕಷ್ಟ ನನಗೆ ದಿನಾ ಇತ್ತು. ಯಾಕೆಂದರೆ ನನ್ನ ಗಂಡ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಂದು ನಗೆಮಾತು ಹೇಳಿರುತ್ತಾರೆ. ಮದುವೆಯಾದ ದಿನದಿಂದ ನನ್ನನ್ನು ನಗಿಸುವುದು ಅವರ ಎರಡನೇ ನೌಕರಿ.

ಈಗ ರೇಣುಕಾಳ ಕುಬುಸದ, ಅಂದರೆ ಸೀಮಂತದ, ಮಾತಿಗೆ ಬರುತ್ತೇನೆ.

ರೇಣುಕಾ ನನ್ನ ಮೈದುನನ ಮಗಳು. ಅವಳು ಏಳು ತಿಂಗಳ ಬಸುರಿಯಾಗಿದ್ದಾಗ ಸನತ್‌ನಗರದ ಅವಳ ಮನೆಯಲ್ಲೇ ಕುಬುಸ ಮಾಡಿದರು. ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಇಟ್ಟುಕೊಂಡು ಕುರ್ಚಿಯ ಮೇಲೆ ಕೂತಿದ್ದಳು. ಐದು ಮಂದಿ ಮುತ್ತೈದೆಯರು ಆರತಿ ಮಾಡಬೇಕು, ಮಾಡುವ ಮುಂಚೆ ಒಬ್ಬೊಬ್ಬರೂ ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು. ಹೇಳದಿದ್ದರೆ ಬಿಡುವುದಿಲ್ಲ. ನನ್ನ ಸರದಿ ಬಂತು. ತಾಟು ಹಿಡಿದು ನಿಂತೆ, ಎರಡು ಸಾಲು ಮರೆತೆ. ಗಂಡಸರು ಬಾಗಿಲ ಹೊರಗಿದ್ದರು. ಅಲ್ಲಿಂದ ನನ್ನವರು ಕೂಗಿದರು.

"ಏ ಕಮಲಾ, ಹೆಸರು ಮರತಿದ್ರ ಹೇಳು, ಆಧಾರ್ ಕಾರ್ಡ್ ತಂದೀನಿ. ತೋರಸ್ಲೇನು?"

ಮನೆ ತುಂಬ ನಗು. ನನಗೂ ಬಂತು. ಸುತ್ತಮುತ್ತ ಗೋಡೆ ಇರಲಿಲ್ಲ.

ಆ ಸಲ ಎರಡು ಕ್ಷಣಕ್ಕೆ ಮುಗಿಯಲಿಲ್ಲ. ಮೊಣಕಾಲು, ಸೊಂಟ, ಕುತ್ತಿಗೆ, ಒಂದಾದ ಮೇಲೊಂದು ಬಿಟ್ಟುಕೊಟ್ಟವು. ಆರತಿಯ ಕೆಂಪು ನೀರು ರೇಣುಕಾಳ ಮಡಿಲಿನ ಮೇಲೆ ಚೆಲ್ಲಿತು. ದೀಪ ನೆಲಕ್ಕೆ ಬಿದ್ದು ಆರಿತು. ನಾನು ಅವಳ ಕಾಲ ಹತ್ತಿರ ಬಿದ್ದೆ.

ನೀವು ತಿಳಿದುಕೊಳ್ಳಬೇಕಾದದ್ದು ಇಲ್ಲಿದೆ. ನನಗೆ ಎಚ್ಚರ ತಪ್ಪಿರಲಿಲ್ಲ. ಎಲ್ಲ ಕೇಳುತ್ತಿತ್ತು. ಕಣ್ಣ ರೆಪ್ಪೆ ಎತ್ತಲು ಆಗುತ್ತಿರಲಿಲ್ಲ, ಅಷ್ಟೇ. "ಮೂರ್ಛೆ, ಮೂರ್ಛೆ, ಕೈಗೆ ಕಬ್ಬಣ ಕೊಡ್ರಿ" ಎಂದು ಯಾರೋ ಬೀಗದಕೈ ಗೊಂಚಲು ತುರುಕಿದರು. ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಅತ್ತಿ, "ಗಾಳಿ ಸೋಕೇತವ್ವ ಈಕೀಗಿ" ಎಂದು ಅತ್ತರು. ಮೂಲೆಯಿಂದ ಒಂದು ಹೆಣ್ಣು ದನಿ, ಮೆಲ್ಲಗೆ, "ಬಸುರಿ ಮಡಲಾಗ ಕೆಂಪು ನೀರು ಚೆಲ್ಲಿತಲ್ಲ, ದೀಪಾನೂ ಹೋತು" ಎಂದಿತು. ನಾನು ಉತ್ತರ ಕೊಡಬೇಕೆಂದರೆ ನಾಲಿಗೆ ನನ್ನದಾಗಿರಲಿಲ್ಲ.

ಒಂದೆರಡು ನಿಮಿಷಕ್ಕೆ ಎದ್ದು ಕೂತೆ. ಆದರೆ ಆ ದಿನದಿಂದ ಯಾರೂ ನನ್ನ ಕೈಗೆ ಆರತಿ ತಾಟು ಕೊಡಲಿಲ್ಲ. ಎರಡು ತಿಂಗಳಿಗೆ ರೇಣುಕಾ ಗಂಡು ಮಗು ಹಡೆದಳು, ಗುಂಡು ಗುಂಡಾಗಿದ್ದ. ತೊಟ್ಟಿಲಿಗೆ ಕರೆದರು, ಊಟಕ್ಕೆ ಕೂರಿಸಿದರು, ಆರತಿಯ ಹೊತ್ತಿಗೆ "ನೀವು ಕುಂಡ್ರಿ, ಆಯಾಸ ಆಗ್ತೈತಿ" ಎಂದರು. ಕೂತೆ. ಮತ್ತೇನು ಮಾಡಲಿ.

ಹತ್ತಿರದ ಒಬ್ಬ ಡಾಕ್ಟರು ಫಿಟ್ಸ್ ಎಂದು ಗುಳಿಗೆ ಕೊಟ್ಟಿದ್ದರು. ಅದನ್ನು ನುಂಗಿದರೆ ಇದ್ದ ನಿದ್ದೆಯ ಮೇಲೆ ಇನ್ನೊಂದು ನಿದ್ದೆ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಕಣ್ಣು ಮುಚ್ಚಿದೆ, ಕೈ ಮಾತ್ರ ಬಡಿಯುತ್ತಲೇ ಇತ್ತಂತೆ. ಶಿಲ್ಪಾ ನೋಡಿದಳು. ಅವಳು ನನ್ನ ಮಗಳು, ಬ್ಯಾಂಕ್ ಪರೀಕ್ಷೆಗೆಂದು ದಿಲ್‌ಸುಖ್‌ನಗರಕ್ಕೆ ಕೋಚಿಂಗಿಗೆ ಹೋಗುತ್ತಿದ್ದಳು. "ಅವ್ವ!" ಎಂದು ಕೂಗುವಷ್ಟರಲ್ಲಿ ನನ್ನ ಮುಂಗೈ ಹಂಚಿಗೆ ತಾಗಿತ್ತು. ಆ ಕಲೆ ಈಗಲೂ ಇದೆ, ಚಿಕ್ಕ ರೊಟ್ಟಿಯ ಹಾಗೆ ದುಂಡಗೆ.

ಬೆಳಗಿನ ಜಾವ ಇನ್ನೊಂದು ಕಾಟ. ಕಣ್ಣು ತೆರೆದಿರುತ್ತಿತ್ತು, ಫ್ಯಾನ್ ತಿರುಗುವುದು ಕಾಣುತ್ತಿತ್ತು, ಕೈಕಾಲು ಅಲ್ಲಾಡುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಒಂದು ಒಂಟೆ ನಿಂತಿರುತ್ತಿತ್ತು. ಹೌದು, ಒಂಟೆ. ಬಾಯಿ ಆಡಿಸುತ್ತಾ ನನ್ನನ್ನೇ ನೋಡುತ್ತಿತ್ತು. ಇದನ್ನು ಯಾರಿಗೆ ಹೇಳುವುದು? ಗಾಳಿ ಸೋಕಿದೆ ಎನ್ನುವವರಿಗೆ ಒಂಟೆಯನ್ನೂ ಕೊಟ್ಟರೆ ಮುಗಿದೇ ಹೋಯಿತು.

ಆದರೆ ಇದೆಲ್ಲಕ್ಕಿಂತ ನನಗೆ ತಡೆಯಲಾಗದೇ ಹೋದದ್ದು ಬೇರೆ. ನನ್ನ ಗಂಡ ಮಾತು ನಿಲ್ಲಿಸಿದ್ದರು. ಮಾತೆಂದರೆ ಕೆಲಸದ ಮಾತಲ್ಲ. ಉಪ್ಪು ತರಲೇನು, ಸಿಲಿಂಡರ್ ಬಂತೇನು, ಅದೆಲ್ಲ ಇತ್ತು. ನಗೆಮಾತು ನಿಲ್ಲಿಸಿದರು. ತಮ್ಮ ಆಧಾರ್ ಕಾರ್ಡಿನ ಮಾತೇ ನನ್ನನ್ನು ಕೆಡವಿತು ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಚಪ್ಪಲಿ ಬಿಡುವರು, ಕೈಕಾಲು ತೊಳೆಯುವರು, ತಟ್ಟೆ ನೋಡಿಕೊಂಡು ಉಣ್ಣುವರು. ಟಿವಿಯಲ್ಲಿ ನಗುವ ಕಾರ್ಯಕ್ರಮ ಬಂದರೆ ರಿಮೋಟ್ ಹಿಡಿದು ಭಜನೆಗೆ ಹಾಕುವರು. ಐದು ತಿಂಗಳು ನಮ್ಮ ಮನೆ ಯಾರೋ ತೀರಿಕೊಂಡವರ ಮನೆಯ ಹಾಗಿತ್ತು. ಒಂದು ದಿನ ಕೇಳಿದೆ.

"ಯಾಕ್ರಿ, ಏನೂ ಹೇಳಾಂಗಿಲ್ಲಲ್ಲ?"

"ಏನ್ ಹೇಳ್ಲಿ? ನನ್ನ ಬಾಯಿ ಸುಮ್ನಿದ್ರ ನೀ ನೆಟ್ಟಗಿರ್ತಿ. ಸುಮ್ನ ಇರ್ತೀನಿ."

ಬೀಳುವುದಕ್ಕೆ ನಾನು ಅಷ್ಟು ಹೆದರಿರಲಿಲ್ಲ. ಆ ಮಾತಿಗೆ ಹೆದರಿದೆ. ಇನ್ನು ಉಳಿದ ಆಯುಷ್ಯವೆಲ್ಲ ಹೀಗೇ ಏನು?

ದಾರಿ ತೋರಿಸಿದ್ದು ಪುಸ್ತಕ. ಶಿಲ್ಪಾ ಪೆನ್ನು ಹುಡುಕುತ್ತಾ ಅದನ್ನು ತೆರೆದಳು. ಓದಿ ಮುಖ ಬಿಳಿಚಿಕೊಂಡು ಬಂದಳು.

"ಅವ್ವ, ಇದೇನಿದು?"

ನನ್ನದೇ ಅಕ್ಷರ. ಹೆಸರುಬೇಳೆ ನೆನೆಹಾಕಿದೆ. ಗಿರಣಿಗೆ ಹೋಗಿ ಬಂದೆ. ಒಂಟೆಗೆ ನೀರಿಟ್ಟೆ. ಅಲ್ಲಿಂದ ಪೆನ್ನಿನ ಗೆರೆ ಜಾರಿ ಹಾಳೆಯ ಅಂಚಿಗೆ ಹೋಗಿತ್ತು. ಕೆಳಗೆ ಮತ್ತೆ ನೆಟ್ಟಗೆ: ಅತ್ತಿಗೆ ಚಹಾ ಕೊಟ್ಟೆ. ಹಿಂದಿನ ಹಾಳೆಯಲ್ಲಿ: ಅವ್ವನಿಗೆ ಸೀರೆ ಉಡಿಸಿದೆ. ನನ್ನ ಅವ್ವ ತೀರಿಕೊಂಡು ಒಂಬತ್ತು ವರ್ಷ. ಹಾಳೆ ತಿರುವಿದಷ್ಟೂ ಒಂಟೆ. ಇದ್ಯಾವುದೂ ಬರೆದ ನೆನಪೇ ನನಗಿರಲಿಲ್ಲ. ಹುಚ್ಚು ಹಿಡಿಯಿತು ಎಂದು ನೆಲದ ಮೇಲೆ ಕೂತು ಅತ್ತೆ. ಶಿಲ್ಪಾ ಅಳಲಿಲ್ಲ. ಎರಡು ದಿನ ಫೋನ್ ನೋಡಿ, ಯಾರ್‍ಯಾರನ್ನೋ ಕೇಳಿ, ಒಬ್ಬ ನರದ ಡಾಕ್ಟರಮ್ಮನ ಹತ್ತಿರ ಹೆಸರು ಬರೆಸಿದಳು. "ಪುಸ್ತಕ ಚೀಲದಾಗ ಹಾಕ್ಕೊ" ಎಂದಳು.

ನಾನು, ಶಿಲ್ಪಾ, ನನ್ನವರು ಮೂವರೂ ಆಸ್ಪತ್ರೆಯಲ್ಲಿ ಮೂರು ತಾಸು ಕಾದೆವು. ನಾನು ಮೂರು ಸಲ ನಿದ್ದೆ ಹೋದೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ಲಾರಿ ಡ್ರೈವರು, ಗೊರಕೆಯ ರೋಗಕ್ಕೆ ಬಂದವನು. ನನ್ನ ತಲೆ ಅವನ ಭುಜದ ಮೇಲೆ ಹೋಗಿತ್ತಂತೆ. ಪುಣ್ಯಾತ್ಮ ಅಲ್ಲಾಡದೆ ಕೂತಿದ್ದ. ಎಚ್ಚರಾಗಿ ನಾಚಿಕೊಂಡರೆ, "ಪರವಾಲೇದು ಅಕ್ಕಾ, ಇಕ್ಕಡ ಅಂದರೂ ಅಂತೇ" ಎಂದ. ಇರಲಿ ಅಕ್ಕ, ಇಲ್ಲಿ ಎಲ್ಲರೂ ಹಂಗೇ, ಎಂದು. ಅಷ್ಟು ವರ್ಷದಲ್ಲಿ ನನ್ನ ನಿದ್ದೆಗೆ ಯಾರೂ ಇರಲಿ ಎಂದಿರಲಿಲ್ಲ.

ಡಾಕ್ಟರಮ್ಮ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ನಗಲಿಲ್ಲ. ಕನ್ನಡ ಬರುತ್ತಿರಲಿಲ್ಲ, ಶಿಲ್ಪಾ ಓದಿ ಹೇಳಿದಳು. ಆಮೇಲೆ ನನ್ನ ಮುಖ ನೋಡಿ ಹೈದರಾಬಾದಿನ ಹಿಂದಿಯಲ್ಲಿ ಕೇಳಿದರು: "ಅಮ್ಮಾ, ನಗು ಬಂದರೆ ಮೊಣಕಾಲಿನ ಶಕ್ತಿ ಹೋಗುತ್ತದೇನು?"

ನಾನು ಯಾರಿಗೂ ಹೇಳದೆ ಗೋಡೆಗೆ ಒರಗಿಕೊಂಡು ಮುಚ್ಚಿಟ್ಟದ್ದು. ಈಕೆಗೆ ಹೇಗೆ ಗೊತ್ತಾಯಿತು? ಅಳುತ್ತಲೇ ಹೌದೆಂದು ತಲೆಯಾಡಿಸಿದೆ. ಅವರು ಕಾಯುತ್ತಾ ಕೂತರು.

ಆಮೇಲೆ ಅವರು ನನ್ನ ಗಂಡನ ಕಡೆ ತಿರುಗಿ, "ಇವರಿಗೆ ನಗು ಬರುವ ಹಾಗೆ ಏನಾದರೂ ಹೇಳಿ" ಎಂದರು.

"ಬ್ಯಾಡ್ರಿ ಮೇಡಂ. ಬೀಳ್ತಾಳ."

"ಬೀಳಲಿ. ಮಂಚ ಇದೆ, ನಾನಿದ್ದೀನಿ. ನನಗೆ ನೋಡಬೇಕು."

ಐದು ತಿಂಗಳು ಬೀಗ ಹಾಕಿದ್ದ ಬಾಯಿ. ಅವರು ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ಮೇಜಿನ ಮೇಲಿನ ಪುಸ್ತಕ ನೋಡಿದರು. ಹೇಳಿದ್ದು ಹಿಂದಿಯಲ್ಲಿ, ಕನ್ನಡದಲ್ಲಿ ಹೀಗಾಗುತ್ತದೆ: "ಮೇಡಂ, ಇಪ್ಪತ್ತಾರು ವರ್ಷ ಆತು, ಈಕಿ ನನಗ ಒಂದಿನಾನೂ ಕೇಳಲಾರದ ನೀರು ಕೊಟ್ಟಿಲ್ಲ. ಆ ಒಂಟಿಗಿ ಮಾತ್ರ ದಿನಾ ಇಟ್ಟಾಳ್ರಿ."

ಮಂಚಕ್ಕೆ ಒರಗಿ ನಿಂತವಳು ಹಾಗೇ ಕುಸಿದೆ. ಡಾಕ್ಟರಮ್ಮ ಹಿಡಿದು ಮಲಗಿಸಿ ಸಣ್ಣ ರಬ್ಬರ್ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಕಾಲು ಅಲ್ಲಾಡಲಿಲ್ಲ. ಒಂದು ನಿಮಿಷ ಬಿಟ್ಟು ತಟ್ಟಿದರು. ಕಾಲು ಟಕ್ಕನೆ ಎದ್ದಿತು. "ಫಿಟ್ಸ್ ಅಲ್ಲ" ಎಂದರು. ನನ್ನವರ ಕಡೆ ನೋಡಿ, "ಜೋಕು ಚೆನ್ನಾಗಿದೆ" ಎಂದರು. ನಮ್ಮವರ ಮೀಸೆ ಐದು ತಿಂಗಳ ಮೇಲೆ ಒಂದಿಷ್ಟು ಮೇಲೆದ್ದಿತು.

ರೋಗದ ಹೆಸರು ನಾರ್ಕೊಲೆಪ್ಸಿ. ಖಾತ್ರಿ ಮಾಡಿಕೊಳ್ಳಲು ಒಂದು ಪರೀಕ್ಷೆ. ಒಂದು ರಾತ್ರಿ ಅಲ್ಲೇ ಮಲಗಿಸಿ ನೋಡಿದರು, ಮರುದಿನ ಹಗಲಿಡೀ ಇನ್ನೂ ಮಜಾ. ತಲೆಗೆಲ್ಲ ಹೂವಿನ ದಂಡೆ ಮುಡಿಸಿದ ಹಾಗೆ ವೈರು ಅಂಟಿಸಿ, ಎರಡೆರಡು ತಾಸಿಗೊಮ್ಮೆ ಐದು ಸಲ, "ಮಲಗಿ ಅಮ್ಮಾ, ಮಲಗಿ" ಎಂದು ಲೈಟು ಆರಿಸುವರು. ಜೀವನವಿಡೀ ಮಲಗಿದ್ದಕ್ಕೆ ಬೈಸಿಕೊಂಡವಳಿಗೆ ಮಲಗು ಎಂದು ಉಪಚಾರ! ಐದಕ್ಕೆ ಐದೂ ಸಲ ಕ್ಷಣದಲ್ಲಿ ಮಲಗಿದೆ. ಅತ್ತಿ ಹೊರಗೆ ಕೂತವರಿಗೆ, "ನಮ್ಮ ಸೊಸಿ ಎಲ್ಲಾದ್ರಾಗೂ ಪಾಸು" ಎಂದು ಹೇಳಿದರಂತೆ.

ಅಲ್ಲಿ ತಿಳಿದದ್ದು ನನಗೆ ಈಗಲೂ ಆಶ್ಚರ್ಯ. ಬೇರೆಯವರಿಗೆ ಮಲಗಿ ತಾಸು ಒಂದೂವರೆ ತಾಸಾದ ಮೇಲೆ ಬರುವ ಕನಸಿನ ನಿದ್ದೆ ನನಗೆ ಕಣ್ಣು ಮುಚ್ಚಿದ ಕೂಡಲೇ ಬರುತ್ತದೆ. ಕನಸು ಕಾಣುವಾಗ ಎಲ್ಲರ ಮೈಯೂ ಸಡಿಲಾಗಿ ಅಲ್ಲಾಡದಂತೆ ಇರುತ್ತದಂತೆ. ಇಲ್ಲದಿದ್ದರೆ ಕನಸಿನಲ್ಲಿ ಓಡುವವರೆಲ್ಲ ಎದ್ದು ಬೀದಿಯಲ್ಲಿ ಓಡಿಯಾರು. ಮೈಯನ್ನು ಹಾಗೆ ಕಟ್ಟಿಹಾಕುವ ಬೀಗ ನನಗೆ ಹಗಲಲ್ಲೇ, ನಗು ಬಂದಾಗ, ತಪ್ಪಿ ಬಿದ್ದುಬಿಡುತ್ತದೆ. ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲರಿಗೂ ಗೋಡೆ ಇದ್ದರೆ ನನಗೆ ಪರದೆ. ಒಂಟೆ ಆ ಪರದೆ ಸರಿಸಿ ಒಳಗೆ ಬಂದಿತ್ತು. ದೆವ್ವವಲ್ಲ, ಹುಚ್ಚಲ್ಲ, ಸೋಮಾರಿತನವಲ್ಲ. ಹೆಸರಿರುವ ರೋಗ. ಹೆಸರು ಕೇಳಿ ಕುಣಿಯುವಷ್ಟು ಸಂತೋಷವಾಯಿತು. ಕುಣಿಯಲಿಲ್ಲ, ಬಿದ್ದರೆ ಎಂದು.

ಇದು ವಾಸಿಯಾಗುವುದಿಲ್ಲ, ಹಿಡಿತಕ್ಕೆ ಬರುತ್ತದೆ ಎಂದರು. ಫಿಟ್ಸಿನ ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರು. ಎಚ್ಚರಕ್ಕೆ ಒಂದು ಗುಳಿಗೆ, ಬೀಳದಿರಲು ಒಂದು, ದಿನಕ್ಕೆ ಎರಡು ಸಲ ಗಡಿಯಾರ ಇಟ್ಟು ಇಪ್ಪತ್ತು ನಿಮಿಷ ನಿದ್ದೆ. ಮೊದಲ ವಾರ ಹತ್ತು ಗಂಟೆಗೆ ಹಾಸಿಗೆ ಹಾಸಲು ಕಳ್ಳತನ ಮಾಡಿದ ಹಾಗೆ ಅನಿಸಿತು. ಒಂದು ದಿನ ನೋಡಿದರೆ ಹಾಸಿಗೆ ಹಾಸಿತ್ತು, ಕಿಟಕಿಗೆ ಹಳೆ ಸೀರೆ ಕಟ್ಟಿತ್ತು. ಅತ್ತಿ ಬಾಗಿಲಲ್ಲಿ ಕೂತು ಬಂದವರಿಗೆ, "ಸದ್ದು ಮಾಡಬ್ಯಾಡ್ರಿ, ಸೊಸಿ ಔಷಧ ತಗೊಳ್ಳಾಕತ್ತಾಳ" ಎನ್ನುತ್ತಿದ್ದರು. ನಿದ್ದೆಯನ್ನು ಔಷಧವೆಂದ ಆ ಮುದುಕಿಗೆ ನಾನು ಹಳೆಯದೆಲ್ಲ ಮನ್ನಿಸಿದೆ.

ನನ್ನವರು ವರ್ಕ್‌ಶಾಪಿನಲ್ಲಿ ಪೈಪು ಬಗ್ಗಿಸಿ ಒಲೆಯ ಸುತ್ತ ಒಂದು ಕಟಕಟೆ ಮಾಡಿಕೊಟ್ಟರು. ಬಿದ್ದರೂ ಹಂಚಿನ ಮೇಲೆ ಬೀಳುವಂತಿಲ್ಲ. "ಕೋರ್ಟಿನ್ಯಾಗ ನಿಂತಂಗ ಕಾಣ್ತಿ, ರೊಟ್ಟಿ ಮುಟ್ಟಿ ಪ್ರಮಾಣ ಮಾಡು" ಎಂದರು. ಅದು ಅರ್ಧ ಜೋಕು. ನಗೆಮಾತನ್ನೂ ಅವರು ಗುಳಿಗೆಯ ಹಾಗೆ ಏರಿಸುತ್ತಾ ಹೋದರು. ಮೊದಲ ತಿಂಗಳು ನಾನು ಕೂತಾಗ ಅರ್ಧ. ಆಮೇಲೆ ಕೂತಾಗ ಪೂರ್ತಿ. ಆಮೇಲೆ ಗೋಡೆಗೆ ಒರಗಿ ನಿಂತಾಗ. "ಎಲ್ಲಿ, ಗೋಡಿ ಹಿಡದೀಯೇನು? ಈಗ ಹೇಳ್ತೀನಿ" ಎಂದು ಕೇಳಿಕೊಂಡೇ ಶುರುಮಾಡುವರು. ಕೆಲವು ಸಲ ಕುತ್ತಿಗೆ ವಾಲಿತು, ಎರಡು ಸಲ ಬಿದ್ದೆ. ಬಿದ್ದಲ್ಲಿಂದ ನಕ್ಕೆ. ಪುಸ್ತಕದಲ್ಲಿ ಒಂಟೆ ಬರುವುದು ಕಡಿಮೆಯಾಗುತ್ತಾ ಬಂತು. ಬೇಸಿಗೆ ಶುರುವಾದಾಗ ನಿಂತೇ ಹೋಯಿತು. ಆ ಬಿಸಿಲಿಗೆ ನೀರಿಲ್ಲದೆ ಹೋಯಿತೇನೋ ಎಂದು ನನ್ನವರಿಗೆ ಚಿಂತೆ.

ಕೂತಲ್ಲಿ ತೂಕಡಿಸುವವರು, ನಗುವಾಗ ಗೋಡೆ ಹುಡುಕುವವರು ನಿಮ್ಮ ಮನೆಯಲ್ಲೂ ಇರಬಹುದು. ನೀವೇ ಆಗಿರಬಹುದು. ಬೈಯುವ ಮುಂಚೆ, ಬೈಸಿಕೊಳ್ಳುವ ಮುಂಚೆ, ಒಮ್ಮೆ ನರದ ಡಾಕ್ಟರ ಹತ್ತಿರ ಹೋಗಿ. ಮುಚ್ಚಿಟ್ಟದ್ದನ್ನು ಹೇಳಿ. ಅವರು ಅದನ್ನೇ ಕೇಳಲು ಕೂತಿರುತ್ತಾರೆ.

ಇವತ್ತು ರೇಣುಕಾಳ ಮಗನಿಗೆ ಒಂದು ವರ್ಷ ತುಂಬಿತು. ಆರತಿಯ ಹೊತ್ತಿಗೆ ನಾನು ನನ್ನ ಪಾಡಿಗೆ ಮೂಲೆಯಲ್ಲಿ ಕೂತೆ. ರೇಣುಕಾ ಮಗುವನ್ನು ಎತ್ತಿಕೊಂಡು ನಿಂತಳು.

"ದೊಡ್ಡವ್ವ, ಮೊದಲ ನೀ ಬಾ."

"ಬ್ಯಾಡವ್ವ, ಅವತ್ತು ನಿನ್ನ ಮಡಲಾಗ..."

"ಚೆಲ್ಲಿದ್ದು ಚೆಲ್ಲಿ ಇಂಥ ಗುಂಡಪ್ಪ ಹುಟ್ಯಾನ. ನೀ ಬರದಿದ್ರ ಈ ಆರತಿ ಇಲ್ಲೇ ಇರ್ತೈತಿ, ನಾ ಕುಂಡ್ರಾಂಗಿಲ್ಲ."

ಶಿಲ್ಪಾ ತಾಟು ತಂದು ನನ್ನ ಕೈಗಿಟ್ಟು ಹಿಂದೆ ನಿಂತಳು, ಹಿಡಿಯಲು. ಬಾಗಿಲಲ್ಲಿ ನನ್ನವರು ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಸುತ್ತಮುತ್ತ ಗೋಡೆ ಇರಲಿಲ್ಲ. ಒಡಪು ಹೇಳಿದೆ. ಈ ಸಲ ಮರೆಯಲಿಲ್ಲ, ತಿಂಗಳುಗಟ್ಟಲೆ ರೊಟ್ಟಿ ಬಡಿಯುತ್ತಾ ಕಟ್ಟಿದ್ದು.

"ಬಾಲಾನಗರದ ಲೇತಿನ್ಯಾಗ ಕಬ್ಬಣ ಹೊಳಿಸ್ಯಾರ,
ಮನಿಗಿ ಬಂದು ಮಾತಿನ್ಯಾಗ ನನ್ನ ಬೀಳಿಸ್ಯಾರ,
ಬಿದ್ದಾಕಿನ್ನ ಎಬ್ಬಿಸಿ ನಿಲ್ಲಿಸಿ ಧೈರ್ಯ ಕೊಟ್ಟಾರ,
ಬಸವರಾಜರು ಬಾಗಲದಾಗ ಬಾಯಿ ಮುಚ್ಚ್ಯಾರ!"

ಹೆಂಗಸರು ಕಿರುಚಿದರು. ಅತ್ತಿ ಬೊಚ್ಚು ಬಾಯಿ ತೆರೆದು ನಕ್ಕರು. ನನ್ನವರಿಗೆ ತಡೆಯಲಾಗಲಿಲ್ಲ, ಕೈ ತೆಗೆದೇಬಿಟ್ಟರು.

"ಹೆಸರು ಬರೋಬರಿ ಐತಿ! ಆಧಾರ್ ಕಾರ್ಡ್ ಮನ್ಯಾಗ ಬಿಟ್ಟು ಬಂದಿದ್ದು ಚಲೋ ಆತು!"

ನಗು ಹೊಟ್ಟೆಯಿಂದ ಬಂತು. ಎದೆಗೆ ಬಂತು. ಮೊಣಕಾಲಿಗೆ ಬಂದಾಗ ಒಂದು ಸಣ್ಣ ನಡುಕ, ಲಾರಿ ಹೋದಾಗ ಪಾತ್ರೆ ನಡುಗುವಷ್ಟು. ಆಮೇಲೆ ಅದು ನನ್ನನ್ನು ದಾಟಿ ಹೋಯಿತು. ಕೆಂಪು ನೀರು ತಾಟಿನಲ್ಲೇ ಇತ್ತು. ದೀಪ ಉರಿಯುತ್ತಲೇ ಇತ್ತು. ನಾನು ನಗುತ್ತಲೇ ಆರತಿಯನ್ನು ಮೂರು ಸುತ್ತು ಎತ್ತಿದೆ. ಹಿಂದೆ ಶಿಲ್ಪಾಳ ಎರಡೂ ಕೈ ಖಾಲಿ ಗಾಳಿಯಲ್ಲಿ ಚಾಚಿಕೊಂಡೇ ಇದ್ದವಂತೆ, ಆಮೇಲೆ ಅವಳು ಅವೇ ಕೈಗಳಿಂದ ಚಪ್ಪಾಳೆ ತಟ್ಟಿದಳು.

ಮನೆಗೆ ಬಂದು ಬೆಳಗಿನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡೆವು. ರೇಣುಕಾ ಕಟ್ಟಿಕೊಟ್ಟ ಸಿಹಿ ಮಾದಲಿಯನ್ನು ಹಾಲು ಹಾಕಿ ಕಲಸಿಕೊಂಡೆವು. ಅತ್ತಿ ಎರಡು ಸಲ ಹಾಕಿಸಿಕೊಂಡರು. ನಮ್ಮ ಮನೆಯಲ್ಲಿ ಮೊದಲು ಮಲಗುವವಳು ಇಪ್ಪತ್ತಾರು ವರ್ಷದಿಂದ ನಾನೇ. ಇವತ್ತು ನನ್ನವರು ಹಾಸಿಗೆಯ ಮೇಲೆ ಬಿದ್ದುಕೊಂಡು ಒಂದು ಹೊಸ ಜೋಕು ಶುರುಮಾಡಿದರು. ಅರ್ಧಕ್ಕೆ ಬಂದಾಗ ಅವರಿಗೇ ನಿದ್ದೆ ಹತ್ತಿತು. ಉಳಿದರ್ಧ ಕೇಳಬೇಕೆಂದು ನಾನು ಎದ್ದೇ ಇದ್ದೆ.